ಚೊಕ್ಕಿಯ ಶನಿವಾರದ ಪಾಸ್

ಸೋಪಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರೆಲ್ಲ ಘಮಘಮ ಅಂತಿರುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ಅದು ನಿಮ್ಮ ತಪ್ಪಲ್ಲ, ಜಾಹೀರಾತಿನವರ ತಪ್ಪು. ಸೋಪು ಹುಟ್ಟುವುದು ಕೊಬ್ಬಿನಿಂದ. ಕೊಬ್ಬು ಕುದಿಯುವ ಕೋಣೆಗೆ ಒಮ್ಮೆ ಕಾಲಿಟ್ಟವರು ಆಮೇಲೆ ಎಷ್ಟೋ ದಿನ ಊಟದ ತಟ್ಟೆಯನ್ನು ಅನುಮಾನದಿಂದಲೇ ನೋಡುತ್ತಾರೆ. ಆ ಹೊಲಸಿಗೆ ಗುಲಾಬಿ, ನಿಂಬೆ ಅಂತ ಏನೇನೋ ಸುರಿದು, ಅಚ್ಚೊತ್ತಿ, ಹೊಳೆಯುವ ಕಾಗದ ಸುತ್ತಿ ಜನರ ಕೈಗೆ ಕೊಡುತ್ತಾರೆ. ಜನ ಅದನ್ನು ಮೂಗಿಗೆ ಹಿಡಿದು ಆಹಾ ಅನ್ನುತ್ತಾರೆ. ಆ ಆಹಾ ಕೇಳಿದರೆ ಮೂಗಿನಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೂಗಿನಕ್ಕ ಅನ್ನುವುದು ಅವಳ ಹುಟ್ಟುಹೆಸರಲ್ಲ, ಕಾರ್ಖಾನೆಯವರು ಇಟ್ಟದ್ದು. ಪರಿಮಳ ಬೆರೆಸಿದ ಮೇಲೆ, ಅಚ್ಚಿಗೆ ಹೋಗುವ ಮೊದಲು, ಪ್ರತಿ ಬ್ಯಾಚಿನ ಒಂದು ತುಂಡು ಅವಳ ಮೇಜಿಗೆ ಬರಬೇಕಿತ್ತು. ಅವಳು ಕಣ್ಣು ಮುಚ್ಚಿ, ಚಿಕ್ಕ ಚಿಕ್ಕ ಉಸಿರು ಎಳೆದು ಮೂಸಿ ‘ಪಾಸ್’ ಅಂದರೆ ಮುಂದಕ್ಕೆ, ‘ಫೇಲ್’ ಅಂದರೆ ಇಡೀ ಕೊಪ್ಪರಿಗೆ ಹಿಂದಕ್ಕೆ. ಎಣ್ಣೆ ಕಮಟು ತಿರುಗಿದೆಯೋ, ಪುಡಿ ಮುಗ್ಗಲು ಹಿಡಿದಿದೆಯೋ, ತಳ ಸೀದಿದೆಯೋ, ಯಾವುದೂ ಅವಳ ಮೂಗಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಇದರಿಂದ ಕಾರ್ಖಾನೆಗೆ ಲಾಭವಾಯಿತು, ಅವಳಿಗೆ ಆದದ್ದು ಕಾಟ. ಬಸ್ಸು ಹತ್ತಿದರೆ ಯಾರು ಬೆಳಿಗ್ಗೆ ಏನು ತಿಂದು ಬಂದಿದ್ದಾರೆ, ಯಾರು ನಿನ್ನೆಯ ಬನಿಯನ್ನನ್ನೇ ಹಾಕಿಕೊಂಡಿದ್ದಾರೆ ಅನ್ನುವುದೆಲ್ಲ ಬೇಡವೆಂದರೂ ತಿಳಿಯುತ್ತಿತ್ತು. ಮದುವೆಯಾಗೋಣವೇ ಅಂತ ಕೇಳಿದವನೊಬ್ಬನಿಗೆ ‘ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬನ್ನಿ’ ಅಂದಿದ್ದಳು. ಅವನು ಡಾಕ್ಟರ ಹತ್ತಿರ ಹೋದನೋ ಇಲ್ಲವೋ, ಇವಳ ಹತ್ತಿರವಂತೂ ಮತ್ತೆ ಬರಲಿಲ್ಲ.

ಅವಳಿಗಿದ್ದ ಒಬ್ಬಳೇ ಗೆಳತಿ ಚೊಕ್ಕಿ. ಅದೂ ಕಾರ್ಖಾನೆಯ ಹೆಸರೇ. ಪ್ಯಾಕಿಂಗ್ ವಿಭಾಗದಲ್ಲಿ ಸೋಪಿಗೆ ಕಾಗದ ಸುತ್ತುತ್ತಿದ್ದವಳು. ಅವಳು ಮಡಿಸಿದ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ, ಅವಳ ಬಟ್ಟೆ ಸುಕ್ಕಾದದ್ದನ್ನು ಯಾರೂ ಕಂಡಿರಲಿಲ್ಲ. ಊಟದ ಬಿಡುವಿನಲ್ಲಿ ಮೂಗಿನಕ್ಕ ಪಕ್ಕಕ್ಕೆ ಸೇರಿಸುತ್ತಿದ್ದದ್ದು ಅವಳೊಬ್ಬಳನ್ನೇ. ‘ನಿನ್ನ ಹತ್ರ ಕೂತ್ರೆ ನನ್ನ ಮೂಗಿಗೆ ರಜಾ ಸಿಕ್ಕ ಹಾಗಾಗುತ್ತೆ’ ಅನ್ನುತ್ತಿದ್ದಳು. ಎಷ್ಟೋ ವರ್ಷದ ಆ ಸ್ನೇಹಕ್ಕೆ ಇದ್ದ ಬುನಾದಿ ಇಷ್ಟೇ. ಬೇರೆಯವರ ಸ್ನೇಹಕ್ಕೆ ಇದಕ್ಕಿಂತ ದೊಡ್ಡ ಬುನಾದಿ ಇರುತ್ತದೆ ಅಂತ ನನಗೇನೂ ಅನ್ನಿಸುವುದಿಲ್ಲ.

ಇಂಥ ಚೊಕ್ಕಿಗೆ ತಾನು ನಾರುತ್ತೇನೆ ಅನ್ನುವ ಭ್ರಮೆ ಹಿಡಿಯಿತು. ಶುರುವಾದದ್ದು ಬಾಯಿಯಿಂದ. ಅವಳು ಮಾತಾಡುತ್ತಿದ್ದಾಗ ಯಾರೋ ಎದ್ದು ಕಿಟಕಿ ತೆಗೆದರಂತೆ. ಸೆಕೆಗೆ ತೆಗೆದಿರಬಹುದು ಅಂತ ಮೂಗಿನಕ್ಕ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಅವತ್ತಿನಿಂದ ಚೊಕ್ಕಿ ಜನರ ಮುಖ ನೋಡುವುದು ಬಿಟ್ಟು ಮೂಗು ನೋಡಲು ಶುರುಮಾಡಿದಳು. ಯಾರಾದರೂ ಮೂಗು ಉಜ್ಜಿಕೊಂಡರೆ ತನ್ನಿಂದಲೇ. ಯಾರಾದರೂ ಕೆಮ್ಮಿದರೆ, ಪಕ್ಕದ ಸೀಟಿನವರು ಎದ್ದು ಬಸ್ಸಿಳಿದರೆ, ಅದೂ ತನ್ನಿಂದಲೇ. ಚೆನ್ನಾಗಿದ್ದ ದವಡೆಹಲ್ಲುಗಳನ್ನು ಕೀಳಿಸಿಕೊಂಡಳು. ಆಮೇಲೆ ನಾತ ಬಾಯಿಂದ ಕಂಕುಳಿಗಿಳಿಯಿತು, ಅಲ್ಲಿಂದ ತಲೆಗೂದಲಿಗೆ ಹತ್ತಿತು. ಕೂದಲನ್ನು ಬುಡಕ್ಕೇ ಕತ್ತರಿಸಿದಳು. ಒಂದು ದಿನ ಪ್ಯಾಕಿಂಗಿನ ಹುಡುಗಿಯೊಬ್ಬಳು ನೆಗಡಿಗೆ ಮೂಗಿಗೆ ಮುಲಾಮು ಹಚ್ಚಿಕೊಂಡು ಬಂದದ್ದನ್ನು ನೋಡಿ, ಅರ್ಧ ಸುತ್ತಿದ ಸೋಪನ್ನು ಮೇಜಿನ ಮೇಲಿಟ್ಟು ಮನೆಗೆ ಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ.

ಮೂಗಿನಕ್ಕ ಕರೆದುಕೊಂಡು ಹೋಗಿ ತೋರಿಸಿದ ಡಾಕ್ಟರಮ್ಮ ಹೇಳಿದರು, ಇದು ಮನಸ್ಸಿನ ಕಾಯಿಲೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಆದರೆ ಒಬ್ಬರು ಜೊತೆಗಿದ್ದು ನೋಡಿಕೊಳ್ಳಬೇಕು ಅಂತ. ಆ ಒಬ್ಬರು ಯಾರು ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಚೊಕ್ಕಿಯ ಅಣ್ಣ. ಫರ್ನಿಚರ್ ಅಂಗಡಿಯ ಯಜಮಾನ. ಅವನು ತಂಗಿಯ ಮನೆಯ ಬಾಗಿಲಲ್ಲೇ ನಿಂತು, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಒಳಗೆ ಚೊಕ್ಕಿಯ ಪಕ್ಕದಲ್ಲಿದ್ದ ಮೂಗಿನಕ್ಕನ ಜೊತೆ ಮಾತಾಡಿದ.

“ನೋಡಿ, ನಾನು ಸಂಸಾರಸ್ಥ. ಇಂಥವರಿಗೇ ಅಂತ ಊರಾಚೆ ಒಂದು ಹೋಮ್ ಇದೆ, ವಿಚಾರಿಸಿದ್ದೀನಿ. ದೊಡ್ಡ ಹಾಲ್, ಸಾಲಾಗಿ ಮಂಚ, ಹೊತ್ತುಹೊತ್ತಿಗೆ ಊಟ, ಮಾತ್ರೆ. ಇನ್ನೇನು ಬೇಕು?”

ಒಳಗಿನ ಕೋಣೆಯಲ್ಲಿ ಗೋಡೆಗೆ ಅಂಟಿಕೊಂಡು ಕೂತಿದ್ದ ಚೊಕ್ಕಿ ಮೂಗಿನಕ್ಕನ ಸೆರಗು ಹಿಡಿದಳು. “ಹಾಲ್ ಬೇಡ ಅಕ್ಕ. ಅಷ್ಟೂ ಜನ ರಾತ್ರಿಯೆಲ್ಲ ನನ್ನ ನಾತ ಕುಡ್ಕೊಂಡು ಮಲಗ್ಬೇಕಾ? ನನ್ನ ಈ ಎರಡು ಕೋಣೆ ಸಾಕು.”

ಮೂಗಿನಕ್ಕನಿಗೆ ಸಿಟ್ಟು ಬಂದದ್ದು ಹೋಮಿನ ಮಾತಿಗಲ್ಲ, ಕರವಸ್ತ್ರಕ್ಕೆ. ಆ ಮನೆಯಲ್ಲಿ ಆಗ ನಾತವೇ ಇರಲಿಲ್ಲ. ಇದ್ದದ್ದು ಹುಚ್ಚಿನ ಮನೆಯಲ್ಲಿ ನಾತ ಇರಲೇಬೇಕು ಅನ್ನುವ ಅವನ ಎಣಿಕೆ. ತಂಗಿ ನೋಡುತ್ತಿದ್ದಾಳೆ, ಆ ಬಟ್ಟೆಯ ತುಂಡೇ ಅವಳಿಗೆ ವಿಷ ಅನ್ನುವಷ್ಟೂ ತಿಳಿಯದ ದಡ್ಡ.

“ಮೊದ್ಲು ಆ ಕರವಸ್ತ್ರ ತೆಗೀರಿ,” ಅಂದಳು. “ಇಲ್ಲಿ ನಾರ್ತಿರೋದು ನಿಮ್ಮ ಶೂ ಒಂದೇ. ಇವಳನ್ನ ನಾನು ನೋಡ್ಕೋತೀನಿ.”

“ಸಂತೋಷ. ನೋಡ್ಕೊಳ್ಳಿ,” ಅಂದ ಅಣ್ಣ. “ಆದ್ರೆ ಮನೆ ಓನರ್ ಕಡೆಯಿಂದ ಒಂದೇ ಒಂದು ದೂರು ಬಂತು ಅಂದ್ರೂ ನಾನು ಗಾಡಿ ತಗೊಂಡು ಬರ್ತೀನಿ. ಆಮೇಲೆ ನೀವು ಅಡ್ಡ ಬರೋ ಹಾಗಿಲ್ಲ.”

ನೋಡಿಕೊಳ್ಳುತ್ತೇನೆ ಅನ್ನುವುದು ಸಿಟ್ಟಿನಲ್ಲಿ ಆಡಿದ ಮಾತು. ಸಿಟ್ಟು ಸಂಜೆಯೊಳಗೆ ಇಳಿಯಿತು, ಮಾತು ತಲೆಯ ಮೇಲೆ ಕೂತಿತು. ಚೊಕ್ಕಿಯ ಬ್ಯಾಂಕ್ ಕಾರ್ಡು ಮೂಗಿನಕ್ಕನ ಪರ್ಸಿಗೆ ಬಂತು. ಪ್ರತಿ ಶನಿವಾರ ಬೆಳಿಗ್ಗೆ, ತನ್ನ ಪಾಳಿಗೆ ಹೋಗುವ ಮೊದಲು, ಅವಳು ಆ ಮನೆಗೆ ಹೋಗುತ್ತಿದ್ದಳು. ಕಾರ್ಖಾನೆ ಕೊಡುತ್ತಿದ್ದ ಚಿಕ್ಕ ಪಿಂಚಣಿಯನ್ನು ಬಾಡಿಗೆಗೆ, ಕರೆಂಟಿಗೆ, ದಿನಸಿಗೆ, ಮಾತ್ರೆಗೆ ಅಂತ ಬೇರೆ ಬೇರೆ ಡಬ್ಬಿಗಳಿಗೆ ಹಾಕುವುದು. ವಾರದ ಮಾತ್ರೆಗಳನ್ನು ದಿನಕ್ಕೊಂದು ಬಟ್ಟಲಿನಂತೆ ಇಡುವುದು. ಫ್ರಿಜ್ಜಿನಲ್ಲಿ ಒಡೆದುಹೋದ ಹಾಲನ್ನು ಚೆಲ್ಲುವುದು. ಬಚ್ಚಲಿನ ಜಾಲರಿಯಲ್ಲಿ ಸೋಪಿನ ಜಿಡ್ಡು, ಕೂದಲು, ಉದುರಿದ ಚರ್ಮ ಎಲ್ಲ ಸೇರಿ ಮುದ್ದೆಗಟ್ಟಿದ್ದನ್ನು ಬೆರಳು ಹಾಕಿ ಕೀಳುವುದು. ಕಷ್ಟದಲ್ಲಿರುವ ಗೆಳತಿಗೆ ನೆರವಾದರೆ ಮನಸ್ಸಿಗೆ ತೃಪ್ತಿ ಸಿಗುತ್ತದೆ ಅಂತ ಹೇಳುವವರನ್ನು ಕರೆತಂದು ಆ ಜಾಲರಿಯ ಮುಂದೆ ಕೂರಿಸಬೇಕು ಅನ್ನಿಸುತ್ತಿತ್ತು.

ಇನ್ನು ಸೆಂಟಿನ ಅಂಗಡಿಯವನದು ಬೇರೆಯೇ ಕಥೆ. ಕಾಯಿಲೆಯ ಮೊದಲ ದಿನಗಳಲ್ಲಿ ಚೊಕ್ಕಿ ಅವನಲ್ಲಿ ಸಾಲ ಹೇಳಿ ಪೌಡರು, ಸೆಂಟು, ಫಿನಾಯಿಲು, ಬಟ್ಟೆಯ ಗೂಡಿಗಿಡುವ ನುಸಿಗುಳಿಗೆ ಎಲ್ಲ ತಂದು ಗುಡ್ಡೆ ಹಾಕಿದ್ದಳು. ಮೈಮೇಲೆ ಪ್ರಜ್ಞೆಯಿಲ್ಲದ ಹೆಂಗಸು ಕಣ್ಣೀರು ಹಾಕುತ್ತ ಬಂದು ಇನ್ನೂ ಘಾಟಿರುವುದು ಕೊಡಿ ಅಂದರೆ, ಈ ಮನುಷ್ಯ ಹಲ್ಲು ಗಿಂಜುತ್ತ ಇನ್ನೂ ದೊಡ್ಡ ಬಾಟಲಿ ಕೊಡುತ್ತಿದ್ದ. “ಒಳ್ಳೆ ಗಿರಾಕಿ ಅಮ್ಮಾ ಅವ್ರು. ಇತ್ತೀಚೆಗೆ ಯಾಕೋ ಬರ್ತಾನೇ ಇಲ್ಲ,” ಅಂತ ಮೂಗಿನಕ್ಕನನ್ನೇ ಕೇಳಿದ. ಥೂ ಅಂತ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ. ಅವನೂ ದೂರು ಹೇಳಿಕೊಂಡು ಅಣ್ಣನ ಅಂಗಡಿಗೆ ಹೋದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಬಾಕಿಯನ್ನು ತಿಂಗಳು ತಿಂಗಳು ಕಂತಿನಲ್ಲಿ ತೀರಿಸಿದಳು. ಈ ಮಾತ್ರೆಯಿಂದ ಕೆಲವರಿಗೆ ಸಕ್ಕರೆ ಏರುತ್ತದೆ, ಆಗಾಗ ರಕ್ತ ಪರೀಕ್ಷೆ ಮಾಡಿಸಿ ಅಂತ ಡಾಕ್ಟರಮ್ಮ ಹೇಳಿದ್ದರು. ಕಂತು ಕಟ್ಟಬೇಕಲ್ಲ, ಪರೀಕ್ಷೆ ಮುಂದಿನ ತಿಂಗಳು ಮಾಡಿಸಿದರಾಯಿತು ಅಂತ ಮೂಗಿನಕ್ಕ ತಳ್ಳುತ್ತ ಬಂದಳು.

ಸೋಪನ್ನು ಮಾತ್ರ ವಾರಕ್ಕೆ ಒಂದೇ ಅಂತ ಕಟ್ಟು ಮಾಡಿದಳು. ಚೊಕ್ಕಿ ಬೆಳಗಿನಿಂದ ಮೈ ಉಜ್ಜಿಕೊಂಡು ಟ್ಯಾಂಕಿನ ನೀರೆಲ್ಲ ಖಾಲಿ ಮಾಡುತ್ತಿದ್ದಳು. ಕೆಳಗಿನ ಮನೆಯ ಯಜಮಾನಿ, ಅಂದರೆ ಓನರಿನ ಹೆಂಡತಿ, ನೀರಿಗಾಗಿ ಮೊದಲೇ ಮುಖ ಸಿಂಡರಿಸುತ್ತಿದ್ದಳು. “ಇನ್ನೊಂದು ಸೋಪು ಕೊಡು ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ,” ಅಂತ ಚೊಕ್ಕಿ ಗೋಗರೆಯುವಳು. ಸೋಪು ಸುತ್ತಿ ಹೊಟ್ಟೆ ಹೊರೆದವಳು ಒಂದು ಸೋಪಿಗಾಗಿ ಕೈ ಮುಗಿಯುವುದನ್ನು ನೋಡಿ ಮೂಗಿನಕ್ಕನಿಗೆ ಕರುಳು ಚುರ್ ಅನ್ನಬೇಕಿತ್ತು. ಅನ್ನಲಿಲ್ಲ. ಕಿರಿಕಿರಿಯಾಗುತ್ತಿತ್ತು. ಆ ದೈನ್ಯ, ಆ ಮೂಗೊರೆಸಿಕೊಳ್ಳುವ ಸದ್ದು, ಎಲ್ಲವೂ ಅಸಹ್ಯ ಹುಟ್ಟಿಸುತ್ತಿದ್ದವು, ಆ ಅಸಹ್ಯ ತನಗೆ ಬರುತ್ತಿದೆಯಲ್ಲ ಅನ್ನುವುದು ಇನ್ನಷ್ಟು ಅಸಹ್ಯವಾಗುತ್ತಿತ್ತು.

ಎಲ್ಲ ಕೆಲಸ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತಿತ್ತು. ಚೊಕ್ಕಿ ಬಾಗಿಲ ಬಳಿ ಕೈಕಟ್ಟಿ ನಿಂತು, “ಅಕ್ಕ, ಈ ವಾರದ್ದು?” ಅನ್ನುವಳು. ಜಗತ್ತಿನಲ್ಲಿ ಅವಳು ನಂಬುತ್ತಿದ್ದದ್ದು ಒಂದೇ ಮೂಗನ್ನು. ಮೂಗಿನಕ್ಕ ಬಗ್ಗಿ ಅವಳ ಕುತ್ತಿಗೆ, ಮಣಿಕಟ್ಟು, ನೆತ್ತಿ ಮೂಸಿ, ಕಾರ್ಖಾನೆಯಲ್ಲಿ ಹೇಳುವ ಹಾಗೇ ‘ಪಾಸ್’ ಅನ್ನಬೇಕು. ಆಗ ಚೊಕ್ಕಿಯ ಹೆಗಲು ಇಳಿಯುತ್ತಿತ್ತು, ಆ ದಿನ ಅವಳು ಎರಡು ತುತ್ತು ಹೆಚ್ಚಿಗೆ ತಿನ್ನುತ್ತಿದ್ದಳು. ಇದನ್ನು ಕೇಳಿ ಡಾಕ್ಟರಮ್ಮ ತಲೆಯಾಡಿಸಿದ್ದರು. “ಬೇಡಮ್ಮ. ನೀವು ಇವತ್ತು ಪಾಸ್ ಅಂದ್ರೆ ನಾಳೆಗೆ ಇನ್ನೊಂದು ಪಾಸ್ ಬೇಕಾಗುತ್ತೆ. ಆ ಪ್ರಶ್ನೆಗೆ ನಾನು ಉತ್ತರ ಹೇಳಲ್ಲ ಅಂತ ಪ್ರೀತಿಯಿಂದ ಹೇಳಿ, ಬೇರೆ ಮಾತು ತೆಗೀರಿ.” ಪ್ರೀತಿಯಿಂದ ಉತ್ತರ ಹೇಳದಿರುವುದು ಹೇಗೆ ಅಂತ ಮೂಗಿನಕ್ಕನಿಗೆ ಗೊತ್ತಿರಲಿಲ್ಲ. ಮೊದಮೊದಲು ಹೋದಾಗಲೆಲ್ಲ ನಾಲ್ಕೈದು ಸಲ ಹೇಳಬೇಕಿದ್ದ ಪಾಸನ್ನು ಶನಿವಾರಕ್ಕೊಂದು ಅಂತ ಇಳಿಸಿದಳು, ತೀರ ನಿಲ್ಲಿಸಲಿಲ್ಲ.

ಆದರೆ ಆ ಮನೆಯ ಗಾಳಿಯೇ ಅವಳ ಅನ್ನಕ್ಕೆ ಕಲ್ಲಾಗತೊಡಗಿತು. ಗುಡ್ಡೆ ಹಾಕಿದ್ದ ಪೌಡರು, ಸೆಂಟು, ಫಿನಾಯಿಲು, ನುಸಿಗುಳಿಗೆ, ಎಲ್ಲವನ್ನೂ ಚೊಕ್ಕಿ ಶನಿವಾರ ಗೆಳತಿ ಬರುವ ಮೊದಲು ಧಾರಾಳವಾಗಿ ಸುರಿದುಕೊಳ್ಳುತ್ತಿದ್ದಳು. ಕಿತ್ತುಕೊಂಡರೆ ಇನ್ನೆಲ್ಲೋ ಬಚ್ಚಿಡುತ್ತಿದ್ದಳು. ಬಾಗಿಲು ತೆಗೆದ ಕೂಡಲೇ ಅದು ಮುಖಕ್ಕೆ ಹೊಡೆಯುತ್ತಿತ್ತು. ಮೂಗಿನೊಳಗೆ ಹೊಕ್ಕರೆ ಮಧ್ಯಾಹ್ನದವರೆಗೆ ಹೊರಗೆ ಬರುತ್ತಿರಲಿಲ್ಲ. ಹಾಗೆ ಒಂದು ಶನಿವಾರ ಕಾರ್ಖಾನೆಯಲ್ಲಿ ಕಮಟು ಹಿಡಿದ ಬ್ಯಾಚೊಂದನ್ನು ಮೂಗಿನಕ್ಕ ಪಾಸ್ ಮಾಡಿಬಿಟ್ಟಳು. ಅವಳ ನೌಕರಿಯಲ್ಲೇ ಮೊದಲ ಸಲ. ಮ್ಯಾನೇಜರ್ ಎಲ್ಲರೆದುರು, “ವಯಸ್ಸಾಯ್ತಾ ಮೂಗಿಗೆ?” ಅಂದ.

ಮುಂದಿನ ವಾರದಿಂದ ಅವಳು ಒಂದು ಉಪಾಯ ಮಾಡಿದಳು. ಬಾಯಿಂದಲೇ ಉಸಿರಾಡುತ್ತ ಕೆಲಸ ಮುಗಿಸುವುದು. ಕೊನೆಗೆ ಚೊಕ್ಕಿ ಎದುರು ನಿಂತಾಗ ಉಸಿರು ಬಿಗಿಹಿಡಿದು ಬಗ್ಗುವುದು, ಕುತ್ತಿಗೆ, ಮಣಿಕಟ್ಟು, ನೆತ್ತಿ ಅಂತ ಮುಖ ತೆಗೆದುಕೊಂಡು ಹೋಗುವುದು, ನೆಟ್ಟಗಾಗಿ ಪಾಸ್ ಅನ್ನುವುದು. ಮೂಸಬೇಡಿ ಅಂತ ಡಾಕ್ಟರಮ್ಮನೇ ಹೇಳಿದ್ದಾರಲ್ಲ ಅನ್ನುವ ಸಮಾಧಾನ ಬೇರೆ ಇತ್ತು. ಮೂಸಿದರೂ ಪಾಸೇ, ಮೂಸದಿದ್ದರೂ ಪಾಸೇ, ಇಲ್ಲದ ನಾತವನ್ನು ಯಾಕೆ ಮೂಸಬೇಕು? ಒಂದು ಕೊಪ್ಪರಿಗೆ ಸೋಪನ್ನು ಮೂಸದೆ ಮುಂದೆ ಕಳಿಸಲು ಜೀವ ಹೋದರೂ ಒಪ್ಪದವಳು ಹೀಗೆ ತಿಂಗಳುಗಟ್ಟಲೆ ಗೆಳತಿಯನ್ನು ಮೂಸದೆ ಪಾಸ್ ಮಾಡಿದಳು.

ಅಷ್ಟರಲ್ಲಿ ಚೊಕ್ಕಿಯ ನಾತ ಮತ್ತೆ ಜಾಗ ಬದಲಾಯಿಸಿತು. “ಈಗ ಕಾಲಿಂದ ಬರ್ತಿದೆ ಅಕ್ಕ,” ಅಂದಳು.

“ಬಾಯಿ ಆಯ್ತು, ತಲೆ ಆಯ್ತು, ಈಗ ಕಾಲಾ?” ಅಂದಳು ಮೂಗಿನಕ್ಕ, ಡಬ್ಬಿಗೆ ದುಡ್ಡು ಹಾಕುತ್ತ. “ಮಾತ್ರೆ ನುಂಗು.”

“ನಿಜವಾಗ್ಲೂ. ಎಡಗಾಲು. ನನಗೇ ಗೊತ್ತಾಗುತ್ತೆ.”

“ನಿನಗೆ ಗೊತ್ತಾಗದೇ ಇರೋ ದಿನ ಯಾವುದಿತ್ತು ಹೇಳು.”

ಮುಂದಿನ ವಾರ ಚೊಕ್ಕಿ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಅದರ ಮೇಲೆ ಕಾಲುಚೀಲ ಹಾಕಿ, ಅದರ ಮೇಲೆ ಸೆಂಟು ಸುರಿದುಕೊಂಡು ನಿಂತಿದ್ದಳು. ಸೋಪು ಕಡಿಮೆಯಾದ ಮೇಲೆ ಬಟ್ಟೆ ತೊಳೆಯುವ ಸೋಡಾ ಹಾಕಿ, ನೆಲ ಉಜ್ಜುವ ಬ್ರಷ್ಷಿನಿಂದ ಪಾದ ತಿಕ್ಕುತ್ತಿದ್ದಳು ಅನ್ನುವುದು ಆಮೇಲೆ ತಿಳಿದದ್ದು. ಕುಂಟುತ್ತಿದ್ದುದನ್ನು ಮೂಗಿನಕ್ಕ ನೋಡದೆ ಇರಲಿಲ್ಲ. ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಹಾಕಿದಳು. ಎಲ್ಲದಕ್ಕೂ ಕಾಯಿಲೆ ಅನ್ನುವ ಒಂದು ಮಾತು ಸಿಕ್ಕಿಬಿಟ್ಟರೆ ನೋಡಿಕೊಳ್ಳುವವರಿಗೆ ಬಹಳ ಅನುಕೂಲ.

ಒಂದು ಶನಿವಾರ ಅವಳು ಹೋಗುವಷ್ಟರಲ್ಲಿ ಗೇಟಿನ ಮುಂದೆ ಗಾಡಿ ನಿಂತಿತ್ತು. ಮೆಟ್ಟಿಲ ಮೇಲೆ ಅಣ್ಣ, ಕರವಸ್ತ್ರ ಇದ್ದಲ್ಲೇ ಇತ್ತು. ಅವನ ಹಿಂದೆ ಕೆಳಗಿನ ಮನೆಯ ಯಜಮಾನಿ.

“ದೂರು ಬಂದಿದೆ,” ಅಂದ ಅಣ್ಣ. “ಮಾತು ಅಂದ್ರೆ ಮಾತು. ಬಟ್ಟೆ ತುಂಬ್ಸಿ.”

“ಸತ್ತ ಇಲಿ ನಾತ ಬರ್ತಿದೆ ಮೇಲಿಂದ,” ಅಂದಳು ಯಜಮಾನಿ. “ಊಟ ಮಾಡೋಕಾಗ್ತಿಲ್ಲ ನಮ್ಮ ಕೈಲಿ.”

ಮೂಗಿನಕ್ಕನ ನೆತ್ತಿಗೇರಿತು. ಒಳಗೆ ಚೊಕ್ಕಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾಳೆ. ಇಷ್ಟು ದಿನ ಕಷ್ಟಪಟ್ಟು ಕಟ್ಟಿದ್ದನ್ನು ಈ ಹೆಂಗಸು ನಾಲಿಗೆಯಿಂದ ಒರೆಸಿಹಾಕುತ್ತಿದ್ದಾಳೆ. “ನಾಚಿಕೆ ಆಗಲ್ವಾ ನಿಮಗೆ? ಆ ಮಾತು ಅವಳ ಕಿವಿಗೆ ಬಿದ್ರೆ ಏನಾಗುತ್ತೆ ಗೊತ್ತಾ? ಸತ್ತ ಇಲಿ ನಿಮ್ಮ ಅಟ್ಟದಲ್ಲೇ ಇರ್ಬೇಕು, ಹೋಗಿ ಹುಡುಕಿ.” ಆಮೇಲೆ ಅಣ್ಣನ ಕಡೆ ತಿರುಗಿದಳು. “ಒಂದು ಕಾರ್ಖಾನೆ ನನ್ನ ಮೂಗಿನ ಮೇಲೆ ನಡೆಯುತ್ತೆ. ನಿಮ್ಮೆದುರೇ ಮೂಸ್ತೀನಿ. ಪಾಸ್ ಅಂದ್ರೆ ಗಾಡಿ ವಾಪಸ್ ಹೋಗ್ಬೇಕು.”

“ಆಗ್ಲಿ. ಫೇಲ್ ಅಂದ್ರೆ?”

“ಅನ್ನಲ್ಲ ಬಿಡಿ.”

ಚೊಕ್ಕಿ ಮಾಮೂಲಿ ಜಾಗದಲ್ಲಿ ಕೈಕಟ್ಟಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಅಣ್ಣ ಮತ್ತು ಯಜಮಾನಿ ಹೊಸ್ತಿಲಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನೋಡುವವರಿದ್ದಾಗ ಕಸುಬುದಾರರಿಗೆ ಕಸುಬಿನ ಅಭಿಮಾನ ಏಳುತ್ತದೆ. ಮೂಗಿನಕ್ಕ ಕಣ್ಣು ಮುಚ್ಚಿ, ತಿಂಗಳುಗಳ ನಂತರ ಮೊದಲ ಸಲ, ನಿಜವಾಗಿ ಮೂಸಿದಳು.

ಮೊದಲು ಪೌಡರು ಬಂತು. ಅದರ ಹಿಂದೆ ಸೆಂಟಿನ ಘಾಟು, ನುಸಿಗುಳಿಗೆ, ಫಿನಾಯಿಲು. ಒಂದೊಂದನ್ನೇ ಬದಿಗೆ ಸರಿಸುತ್ತ ಹೋದಳು. ಅವುಗಳ ಕೆಳಗೆ ಚೊಕ್ಕಿಯ ಸ್ವಂತ ವಾಸನೆ ಇತ್ತು, ಹಳೆಯ ಊಟದ ಬಿಡುವಿನದು, ಮೂಗಿಗೆ ರಜಾ ಕೊಡುತ್ತಿದ್ದದ್ದು. ಅದಕ್ಕಿಂತಲೂ ಕೆಳಗೆ ಇನ್ನೊಂದಿತ್ತು. ಸಿಹಿಯಾದದ್ದು, ಭಾರವಾದದ್ದು, ಕೊಬ್ಬಿನ ಕೋಣೆಗೆ ಬೇಸಿಗೆಯಲ್ಲಿ ಬರುವ ಕೆಟ್ಟ ಪೀಪಾಯಿಗಳದ್ದು. ಮೂಗಿನಕ್ಕ ಅದನ್ನು ಹಿಂಬಾಲಿಸುತ್ತ ಬಗ್ಗಿದಳು, ಮಂಡಿಯೂರಿದಳು. ಎಡಗಾಲಿನ ಹತ್ತಿರ ಬಂದಾಗ ಮೂಗು ಅಲ್ಲೇ ನಿಂತಿತು. ಕೊಳೆತ ಮಾಂಸದ ನಾತ ಅದು. ಮನಸ್ಸಿನದಲ್ಲ.

ಪಾಸ್ ಅಂದುಬಿಡೋಣ ಅಂತ ಯೋಚನೆ ಬಂತು. ಗಾಡಿ ಹೋಗಲಿ, ಆಮೇಲೆ ಸದ್ದಿಲ್ಲದೆ ಆಸ್ಪತ್ರೆಗೆ ಕರೆದುಕೊಂಡು ಹೋದರಾಯಿತು, ಎರಡು ಕೋಣೆಯೂ ಉಳಿಯುತ್ತದೆ. ಬುದ್ಧಿವಂತಿಕೆಯ ಮಾತೇ. ಬಾಯಿ ತೆರೆದಳು, ಆ ಮಾತು ಹೊರಡಲಿಲ್ಲ. ಮೂಸದೆ ಪಾಸ್ ಅಂದಿದ್ದಳೇ ಹೊರತು ಮೂಸಿ ಸುಳ್ಳು ಹೇಳಿ ಗೊತ್ತಿರಲಿಲ್ಲ ಅವಳಿಗೆ.

“ಫೇಲ್,” ಅಂದಳು.

ಚೊಕ್ಕಿ ಕಿರುಚುತ್ತಾಳೆ, ತಲೆ ಚಚ್ಚಿಕೊಳ್ಳುತ್ತಾಳೆ ಅಂದುಕೊಂಡಿದ್ದಳು ಮೂಗಿನಕ್ಕ. ಚೊಕ್ಕಿ ನೆಲದ ಮೇಲೆ ನಿಧಾನವಾಗಿ ಕೂತು ಕಾಲು ಮುಂದೆ ಚಾಚಿದಳು. “ಹೇಳಿದ್ನಲ್ಲ ಅಕ್ಕ,” ಅಂದಳು, ಬಸ್ಸು ತಡವಾದದ್ದನ್ನು ಹೇಳುವಷ್ಟು ತಣ್ಣಗೆ. ಕಾಲುಚೀಲ ತೆಗೆದು, ಪ್ಲಾಸ್ಟಿಕ್ ಬಿಚ್ಚಿ, ಅದರೊಳಗೆ ಸುತ್ತಿದ್ದ ಬಟ್ಟೆಯನ್ನು ಎಳೆದರೆ ಚರ್ಮವೂ ಜೊತೆಗೆ ಬಂತು. ಎರಡು ಬೆರಳು ಕಪ್ಪಗಾಗಿದ್ದವು. ಅಣ್ಣ ಮೆಟ್ಟಿಲಿಳಿದು ಓಡಿ ಗೇಟಿನ ಬಳಿ ವಾಂತಿ ಮಾಡಿಕೊಂಡ. ಯಜಮಾನಿ ಮಾತ್ರ ಅಲ್ಲೇ ನಿಂತು, “ನಾನು ಹೇಳಿರ್ಲಿಲ್ವಾ, ಹೇಳಿರ್ಲಿಲ್ವಾ,” ಅಂತ ಗೆದ್ದವಳ ಮುಖ ಮಾಡಿದಳು. ಹೋಮಿಗೆ ಕರೆದೊಯ್ಯಲು ಬಂದ ಗಾಡಿಯಲ್ಲೇ ಆಸ್ಪತ್ರೆಗೆ ಹೋದದ್ದಾಯಿತು.

ಬೆರಳು ಹೋದವು, ಪಾದ ಉಳಿಯಿತು. ಸಕ್ಕರೆ ವಿಪರೀತ ಏರಿತ್ತು. ಗಾಯ ಮಾಗಲು ಬಿಡದೆ ತಿಕ್ಕಿದ್ದಾರೆ ಅಂತ ಆಪರೇಷನ್ ಮಾಡಿದ ಡಾಕ್ಟರು ಹೇಳಿದರು. “ಜೊತೇಲಿ ಯಾರೂ ಇರ್ಲಿಲ್ವಾ? ಇಷ್ಟು ನಾತ ಬರೋವರೆಗೂ ಒಬ್ರಿಗೂ ಗೊತ್ತಾಗ್ಲಿಲ್ವಾ?” ಅಂತ ಕೇಳಿದರು. ಊರಿನ ಅತಿ ಚುರುಕಿನ ಮೂಗನ್ನು ಹೊತ್ತು ಮೂಗಿನಕ್ಕ ಅವರ ಎದುರೇ ನಿಂತಿದ್ದಳು.

ಮುಂದಿನ ಶನಿವಾರ ಅವಳು ಆಸ್ಪತ್ರೆಗೆ ಹೋದಾಗ ಅಣ್ಣ ಕಾರಿಡಾರಿನಲ್ಲಿ ಕಾಯುತ್ತಿದ್ದ. ಕೈಯಲ್ಲಿ ಚೊಕ್ಕಿಯ ಮನೆಯ ಕೀ ಇತ್ತು. “ಇದನ್ನ ಇವತ್ತು ಓನರಿಗೆ ಕೊಟ್ಟುಬಿಡೋಣ ಅಂತಿದ್ದೀನಿ,” ಅಂದ. “ತಪ್ಪು ತಿಳೀಬೇಡಿ, ವಾರಾ ವಾರಾ ಹೋಗ್ತಿದ್ರಿ, ಕಾಲು ಕೊಳೆತಿದ್ದು ನಿಮಗೂ ಗೊತ್ತಾಗ್ಲಿಲ್ಲ. ಹೋಮಿನಲ್ಲಿ ಕೊನೇಪಕ್ಷ ದಿನಾ ಯಾರಾದ್ರೂ ನೋಡ್ತಾರೆ. ಇಲ್ಲ, ನಾನೇ ನೋಡ್ಕೋತೀನಿ ಅಂದ್ರೆ ತಗೊಳ್ಳಿ. ನೀವು ಏನಂದ್ರೂ ಸರಿ.” ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಸರಿಯಾದ ಮಾತಾಡಿದ್ದ, ಮೂಗಿನಕ್ಕನಿಗೆ ಅದನ್ನು ಸಹಿಸುವುದು ಅವನ ಕರವಸ್ತ್ರಕ್ಕಿಂತ ಕಷ್ಟವಾಯಿತು. ಸಾಕಾಗಿತ್ತು ಅವಳಿಗೆ. ಬಚ್ಚಲ ಜಾಲರಿ, ಅಂಗಡಿಯವನ ಹಲ್ಲು, ಯಜಮಾನಿಯ ಗೆಲುವು, ಇವನು, ತಾನು, ಎಲ್ಲ ಸಾಕಾಗಿತ್ತು. ಹೋಮಿಗೇ ಕಳಿಸಿ ಅಂತ ಹೇಳುವುದೆಂದು ತೀರ್ಮಾನಿಸಿದಳು. ಆದರೆ ಚೊಕ್ಕಿಗೆ ಮೊದಲು ತಾನೇ ತಿಳಿಸಬೇಕು ಅಂತ ವಾರ್ಡಿನೊಳಗೆ ಹೋದಳು.

ಉದ್ದನೆಯ ವಾರ್ಡು, ಸಾಲು ಮಂಚ. ಚೊಕ್ಕಿ ಹೆದರುತ್ತಿದ್ದ ಹೋಮಿನ ಹಾಲ್ ಹೇಗಿರಬೇಕೋ ಹಾಗೇ ಇತ್ತು. ಅವಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಪಕ್ಕದ ಮಂಚದವರ ಮೂಗುಗಳನ್ನು ಕದ್ದು ನೋಡುತ್ತ ಮಲಗಿದ್ದಳು. ಗೆಳತಿಯನ್ನು ಕಂಡು ಮುಖ ಅರಳಿತು.

“ಇವತ್ತು ಶನಿವಾರ ಅಲ್ವಾ?” ಅಂದಳು. “ಈ ವಾರ ಬೇಡ ಬಿಡು ಅಕ್ಕ. ಇಲ್ಲಿ ಸ್ಟೂಲು ಕುಳ್ಳಗಿದೆ, ಮಂಚ ಎತ್ತರ. ಉಸಿರು ಕಟ್ಕೊಂಡು ಅಷ್ಟು ಹೊತ್ತು ಕತ್ತು ಚಾಚೋಕೆ ನಿಂಗೆ ಕಷ್ಟ ಆಗುತ್ತೆ.”

ಮೂಗಿನಕ್ಕ ನಿಂತಲ್ಲೇ ನಿಂತಳು. “ಏನಂದೆ?”

“ಉಸಿರು ಕಟ್ಕೋತಿದ್ಯಲ್ಲ. ನಿನ್ನ ಎದೆ ಏಳ್ತಾನೇ ಇರ್ಲಿಲ್ಲ.”

ವರ್ಷಗಳಿಂದ ಕಂಡವರ ಮೂಗು, ಕಂಡವರ ಉಸಿರು ಕಾಯುತ್ತ ಬದುಕಿದವಳಿಗೆ ಅದು ಕಾಣದೆ ಇರುತ್ತದೆಯೇ? ಪಾಸ್ ಅನ್ನುವ ಬಾಯನ್ನು ಅವಳು ಯಾವತ್ತೂ ನೋಡಿರಲೇ ಇಲ್ಲ. ಶನಿವಾರ ಶನಿವಾರ ಅವಳಿಗೆ ಸಿಕ್ಕಿದ್ದು ಪಾಸಲ್ಲ, ನೀನು ಉಸಿರು ಎಳೆಯಲಾಗದಷ್ಟು ನಾರುತ್ತೀಯೆ ಅನ್ನುವ ಪುರಾವೆ. ಅದನ್ನು ಕೈಯಾರೆ ಕೊಟ್ಟು ಬಂದವಳು ತಾನು.

“ಗೊತ್ತಿದ್ದೂ ಯಾಕೆ ಸುಮ್ನಿದ್ದೆ ಚೊಕ್ಕಿ? ಒಂದು ಮಾತು ಬೈದು ಕಳಿಸ್ಬೇಕಾಗಿತ್ತು.”

“ಬೈಯೋದ್ಯಾಕೆ?” ಚೊಕ್ಕಿಗೆ ನಿಜವಾಗಿ ಅರ್ಥವಾಗಲಿಲ್ಲ. “ಅಣ್ಣ ಬಾಗಿಲಲ್ಲೇ ನಿಂತು ಹೋಗ್ತಿದ್ದ. ನೀನು ಅಷ್ಟು ನಾತ ತಡ್ಕೊಂಡು ಒಳಗೆ ಬರ್ತಿದ್ದೆ, ಬಚ್ಚಲು ತೊಳೀತಿದ್ದೆ, ನನ್ನ ಕುತ್ತಿಗೆ ಹತ್ರಕ್ಕೂ ಬರ್ತಿದ್ದೆ. ನಿನ್ನಂಥ ಮೂಗು ಇರೋರಿಗೆ ಎಷ್ಟು ಹಿಂಸೆ ಆಗಿರ್ಬೇಕು. ಆದ್ರೂ ಮುಂದಿನ ಶನಿವಾರ ಬರ್ತಿದ್ದೆ. ನಂಗೆ ಅದೇ ದೊಡ್ಡದಾಗಿತ್ತು.”

ಹೇಸಿಗೆಗೆ ಹೆದರದ ಹೆಂಗಸು ಮೂಗಿನಕ್ಕ. ಜೀವಮಾನವಿಡೀ ಬೇರೆಯವರ ಹೊಲಸನ್ನು ಮೂಸಿ ಮುಖ ಸಿಂಡರಿಸಿದವಳು. ತನ್ನದು ಇಷ್ಟು ಹತ್ತಿರದಿಂದ ಬಡಿದದ್ದು ಇದೇ ಮೊದಲು, ಅದಕ್ಕೆ ಬಾಯಿಂದ ಉಸಿರಾಡಿ ತಪ್ಪಿಸಿಕೊಳ್ಳುವ ಉಪಾಯ ಇರಲಿಲ್ಲ. ತಿರುಗಿ ಕಾರಿಡಾರಿಗೆ ಬಂದಳು. ಅಣ್ಣನ ಕೈಯಿಂದ ಕೀ ತೆಗೆದುಕೊಂಡಳು.

“ಹಾಗಾದ್ರೆ ನೀವೇ ನೋಡ್ಕೋತೀರಾ?” ಅಂದ ಅವನು. “ಓನರಿಗೆ ಏನು ಹೇಳ್ಲಿ?”

“ಮನೆ ಖಾಲಿ ಮಾಡಲ್ಲ ಅಂತ ಹೇಳಿ. ಇನ್ಮೇಲೆ ದಿನಾ ಬರ್ತೀನಿ ಅಂತಾನೂ ಹೇಳಿ.”

ವಾಪಸ್ ಬಂದು, ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಮಂಚದ ಅಂಚಿನಲ್ಲೇ ಕೂತಳು. ಔಷಧಿ, ಬೆವರು, ಕೀವು, ಹಳೆಯ ಹೊದಿಕೆ, ಎಲ್ಲ ಕಲಸಿದ ವಾರ್ಡಿನ ಗಾಳಿ. ಚೊಕ್ಕಿಯ ಕುತ್ತಿಗೆಗೆ ಮೂಗು ಇಟ್ಟಳು. ಚೊಕ್ಕಿ ಅವಳ ಮುಖ ನೋಡಲಿಲ್ಲ, ಎದೆ ಏಳುತ್ತದೋ ಇಲ್ಲವೋ ಅಂತ ನೋಡುತ್ತಿದ್ದಳು.